ಐದಡಿ ಮೇಲಿನ ಹಾದಿ



ನ್ಯೂಯಾರ್ಕ್ ಎಂದ ಕೂಡಲೆ ನಮ್ಮವರ ಕಣ್ಣಿಗೆ ಕಟ್ಟುವುದು ಗಗನಚುಂಬಿ ಕಟ್ಟಡಗಳ ನಗರ. ಆ ನಗರದಿಂದ ಕಾರಿನಲ್ಲಿ ಉತ್ತರಕ್ಕೆ ಐದು ಗಂಟೆ ಹೋದರೆ ಅದೇ ಹೆಸರಿನ ರಾಜ್ಯದಲ್ಲೇ ಬೇರೊಂದು ಲೋಕ ಸಿಗುತ್ತದೆ. ಅಡಿರಾಂಡಾಕ್ ಬೆಟ್ಟಸಾಲು ಅದರ ಹೆಸರು. 1892ರಲ್ಲಿ ಉದ್ಯಾನವೆಂದು ಗಡಿ ಗುರುತಿಸಿಕೊಂಡ ಈ ಪ್ರದೇಶ ಸುಮಾರು 60 ಲಕ್ಷ ಎಕರೆಯಷ್ಟು ವಿಸ್ತಾರವಾಗಿದೆ. ಊರುಗಳು, ಸರೋವರಗಳು, ಖಾಸಗಿ ತೋಪುಗಳು, ಸರ್ಕಾರಿ ಕಾಡು ಎಲ್ಲವೂ ಅದರೊಳಗೇ ಸೇರಿವೆ. ಅಲ್ಲಿನ ಅತಿ ಎತ್ತರದ ಶಿಖರ ಮೌಂಟ್ ಮಾರ್ಸಿ, 5,344 ಅಡಿ. ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು ಸಾವಿರ ಅಡಿ ಕಡಿಮೆಯೇ. ಆದರೆ ಭೂಗೋಳದಲ್ಲಿ ಅದು ಎಷ್ಟು ಉತ್ತರಕ್ಕಿದೆಯೆಂದರೆ, ಡಿಸೆಂಬರ್ ನಡುವಿಗೆ ಅದರ ಹಾದಿಗಳೆಲ್ಲ ಹಿಮದಡಿ ಸೇರಿಬಿಡುತ್ತವೆ. ಏಪ್ರಿಲ್ ಕಳೆಯುವವರೆಗೂ ಎತ್ತರದ ಹಾದಿಗಳಲ್ಲಿ ಮಣ್ಣು ಕಾಣುವುದಿಲ್ಲ.

ಈ ಹಾದಿಗಳನ್ನು ಚಳಿಗಾಲದಲ್ಲಿ ಸವರಿ, ತೆರೆದಿಡುವ ಸ್ವಯಂಸೇವಕರ ಕೆಲಸದ ಬಗ್ಗೆ ಇವತ್ತು ಮಾತಾಡಬೇಕೆಂದಿದ್ದೇನೆ. ಆ ರಾಜ್ಯದಲ್ಲಿ ನೆಲೆಸಿದ ಮೇಲೆ ನಾನೂ ಅಂಥ ತಂಡವೊಂದರ ಜೊತೆ ಹೋಗಲು ಶುರುಮಾಡಿದೆ. ಈಗ ಚಳಿಗಾಲ ಬಂದರೆ ಆ ಕೆಲಸವಿಲ್ಲದೆ ನನಗೆ ಇರಲಾಗುವುದಿಲ್ಲ.

ಹಿಮ ಬಿದ್ದ ಮೇಲೆ ಹಾದಿಯಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಅದಕ್ಕೆ ಮೊದಲು ಹಾದಿಯ ಅಳತೆ ಗೊತ್ತಿರಬೇಕು. ಅಮೆರಿಕದ ಪೂರ್ವ ಭಾಗದ ಬೆಟ್ಟದ ಹಾದಿಗಳನ್ನು ಕಾಯುವವರಲ್ಲಿ ಒಂದು ಹಳೆಯ ಲೆಕ್ಕವಿದೆ. ಅಗಲ ನಾಲ್ಕು ಅಡಿ, ಎತ್ತರ ಎಂಟು ಅಡಿ. ಬೆನ್ನಿಗೆ ದೊಡ್ಡ ಚೀಲ ಕಟ್ಟಿಕೊಂಡ ಮನುಷ್ಯ ಎಲ್ಲೂ ಸಿಕ್ಕಿಕೊಳ್ಳದೆ ಹೋಗಲು ಇಷ್ಟು ಜಾಗ ಬೇಕು. ಬೇಸಿಗೆಯ ತಂಡಗಳು ನೆಲದ ಮೇಲೆ ನಿಂತು, ಕೈಗೆ ಎಟುಕುವಷ್ಟು ಎತ್ತರಕ್ಕೆ ಕೊಂಬೆಗಳನ್ನು ಸವರಿ ಈ ಅಳತೆಯನ್ನು ಕಾಯ್ದುಕೊಂಡು ಬರುತ್ತವೆ. ಫೆಬ್ರವರಿಯಲ್ಲಿ ಅದೇ ಹಾದಿಯ ಮೇಲೆ ಐದು ಅಡಿ ಹಿಮ ಕೂತಿದೆ ಎಂದುಕೊಳ್ಳಿ. ಎಂಟರಲ್ಲಿ ಐದು ಕಳೆದರೆ ಉಳಿಯುವುದು ಮೂರು ಅಡಿ. ನಡೆಯುವವನ ತಲೆ, ಭುಜ, ಎದೆ ಎಲ್ಲವೂ ಬೇಸಿಗೆಯಲ್ಲಿ ಯಾರ ಕತ್ತಿಯೂ ಮುಟ್ಟದ ಕೊಂಬೆಗಳ ಮಧ್ಯೆ ಸಿಕ್ಕುತ್ತವೆ. ಜೊತೆಗೆ ಅಲ್ಲಿನ ಸ್ಪ್ರೂಸ್ ಮತ್ತು ಬಾಲ್ಸಮ್ ಫರ್ ಮರಗಳು ಚಳಿಗಾಲದಲ್ಲಿ ಎಲೆ ಉದುರಿಸುವುದಿಲ್ಲ. ಹಿಮವನ್ನು ಹೊತ್ತುಕೊಂಡು ಎರಡೂ ಕಡೆಯಿಂದ ಬಾಗಿ ಹಾದಿಯನ್ನು ಮುಚ್ಚಿಬಿಡುತ್ತವೆ. ಜುಲೈನಲ್ಲಿ ಕೈಬೀಸಿಕೊಂಡು ಹೋದ ಜಾಗದಲ್ಲಿ ಮಾರ್ಚ್‌ನಲ್ಲಿ ತೆವಳಿಕೊಂಡು ಹೋಗಬೇಕಾಗುತ್ತದೆ.

ಹೀಗಾಗಿ ಒಂದೇ ಹಾದಿಗೆ ಎರಡು ಎತ್ತರಗಳಿವೆ. ಮೇಲಿನದನ್ನು ತೆರೆದಿಡುವುದು ಹಿಮದ ಮೇಲೆ ನಿಂತಾಗ ಮಾತ್ರ ಸಾಧ್ಯ. ಏಣಿಯಿಲ್ಲದೆ ಹತ್ತು, ಹನ್ನೆರಡು ಅಡಿ ಮೇಲಿನ ಕೊಂಬೆ ನಿಮ್ಮ ಮುಖಕ್ಕೆ ನೇರವಾಗಿ ಸಿಗುವುದು ಆ ಮೂರು ನಾಲ್ಕು ತಿಂಗಳಲ್ಲಿ ಮಾತ್ರ. ನೆಲ ಹಿಮದಡಿ ಮಲಗಿರುವುದರಿಂದ, ನಮ್ಮ ಓಡಾಟದಿಂದ ಮಣ್ಣು ಕೊಚ್ಚಿಹೋಗುವುದೂ ಇಲ್ಲ, ಪಾಚಿ ಕಿತ್ತುಬರುವುದೂ ಇಲ್ಲ.

ಹಿಮದ ಮೇಲೆ ನಿಲ್ಲುವುದಾದರೂ ಹೇಗೆ? ಬರಿಯ ಬೂಟಿನಲ್ಲಿ ಕಾಲಿಟ್ಟರೆ ತೊಡೆಯವರೆಗೆ ಹೂತುಹೋಗುತ್ತೇವೆ. ಸ್ನೋಶೂ ಎಂಬ ಅಗಲವಾದ ಸಾಧನವನ್ನು ಬೂಟಿನಡಿ ಪಟ್ಟಿಯಿಂದ ಬಿಗಿಯುತ್ತಾರೆ. ಸಾಮಾನ್ಯವಾಗಿ ಅದರ ಉದ್ದ 25 ಅಂಗುಲ, ಅಗಲ 8 ಅಂಗುಲ. ಬೂಟಿನ ಅಡಿಗಿಂತ ಸುಮಾರು ಐದು ಪಟ್ಟು ವಿಸ್ತೀರ್ಣ ಇರುವುದರಿಂದ ಮೈಭಾರ ಹರಡಿಕೊಂಡು, ಹೊಸ ಹಿಮದಲ್ಲೂ ಅರ್ಧ ಅಡಿ, ಒಂದಡಿಗಿಂತ ಹೆಚ್ಚು ಇಳಿಯುವುದಿಲ್ಲ. ಹಿಮ್ಮಡಿ ಬಿಗಿಯದೆ ಬಿಟ್ಟಿರುತ್ತಾರೆ, ಹೆಜ್ಜೆ ಎತ್ತಿದಾಗ ಸ್ನೋಶೂವಿನ ಬಾಲ ನೆಲಕ್ಕೇ ಜೋತಿರುತ್ತದೆ. ಬೆರಳುಗಳ ಕೆಳಗೆ ಉಕ್ಕಿನ ಹಲ್ಲುಗಳಿದ್ದು ಏರಿನಲ್ಲಿ ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುತ್ತವೆ.

ಇದು ಕಂಪನಿಗಳು ಕಂಡುಹಿಡಿದ ವಸ್ತುವಲ್ಲ. ಉತ್ತರ ಅಮೆರಿಕದ ಮೂಲನಿವಾಸಿಗಳು ಆಶ್ ಮರದ ಸೀಳನ್ನು ಹಬೆಯಲ್ಲಿ ಬಗ್ಗಿಸಿ, ಮೂಸ್ ಅಥವಾ ಜಿಂಕೆಯ ಹಸಿದೊಗಲಿನ ದಾರದಿಂದ ಹೆಣೆದು ಶತಮಾನಗಳ ಕಾಲ ಇದರ ಮೇಲೇ ಬೇಟೆಗೆ, ವ್ಯಾಪಾರಕ್ಕೆ ಓಡಾಡಿದರು. ಕ್ರೀ ಜನರದು ಒಂದು ಆಕಾರ, ಒಜಿಬ್ವೆಯವರದು ಇನ್ನೊಂದು. ಬಯಲಿಗೆ ಉದ್ದನೆಯದು, ದಟ್ಟ ಕಾಡಿಗೆ ಕರಡಿಯ ಪಾದದಂತೆ ದುಂಡಗಿನದು. ಯುರೋಪಿನಿಂದ ಬಂದವರು ಅವರಿಂದ ಕಲಿತರು, ಕಲಿತದ್ದನ್ನು ಯುದ್ಧಕ್ಕೂ ಬಳಸಿದರು. ಇದೇ ಅಡಿರಾಂಡಾಕ್ ಸೀಮೆಯ ಲೇಕ್ ಜಾರ್ಜ್ ಬಳಿ 1758ರ ಮಾರ್ಚ್‌ನಲ್ಲಿ, ಬ್ರಿಟಿಷರ ಪರ ಹೋರಾಡಿದ ರಾಜರ್ಸ್ ಎಂಬಾತನ ದಳಕ್ಕೂ ಫ್ರೆಂಚರು ಮತ್ತು ಅವರ ಮೂಲನಿವಾಸಿ ಮಿತ್ರರಿಗೂ ಸ್ನೋಶೂ ಕಟ್ಟಿಕೊಂಡೇ ಕಾಳಗ ನಡೆಯಿತು. ಇಂದು ನಮ್ಮ ಕಾಲಲ್ಲಿರುವುದು ಅಲ್ಯೂಮಿನಿಯಂ, ಪ್ಲಾಸ್ಟಿಕ್ಕಿನದು. ಅದರ ಹಿಂದಿರುವ ಬುದ್ಧಿ ಮಾತ್ರ ಅವರದು, ಇದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ಅಡಿರಾಂಡಾಕ್‌ನ ಎತ್ತರದ ಶಿಖರಗಳ ವಲಯದಲ್ಲಿ ಒಂದು ಕಾನೂನಿದೆ. ಹಿಮ ಎಂಟು ಅಂಗುಲ ಮೀರಿದರೆ ಸ್ನೋಶೂ ಅಥವಾ ಸ್ಕೀ ಇಲ್ಲದೆ ಹಾದಿಯಲ್ಲಿ ನಡೆಯುವಂತಿಲ್ಲ. ಬರಿಬೂಟಿನವರು ಹೆಜ್ಜೆಹೆಜ್ಜೆಗೂ ಆಳವಾದ ಗುಂಡಿ ಬೀಳಿಸುತ್ತಾರೆ. ರಾತ್ರಿ ಅದು ಹೆಪ್ಪುಗಟ್ಟಿ ಮರುದಿನ ಬರುವವರ ಕಾಲು ಮುರಿಯುವ ಹೊಂಡವಾಗುತ್ತದೆ. ಮೊದಲು ಬಂದವನ ನಡಿಗೆಯೇ ಹಿಂದೆ ಬರುವವರಿಗೆ ಹಾದಿಯಾಗುವ ಜಾಗ ಅದು. ನಾಲ್ಕೈದು ಜನ ಸಾಲಾಗಿ ಸ್ನೋಶೂವಿನಲ್ಲಿ ತುಳಿದು ಹೋದರೆ ಹಿಮ ಒತ್ತಿಕೊಂಡು ಗಟ್ಟಿಯಾದ ಪಟ್ಟೆ ಏಳುತ್ತದೆ. ತುಳಿಯುವುದೂ ದುರಸ್ತಿಯೇ. ಹೊಸ ಹಿಮದಲ್ಲಿ ಮುಂದೆ ನಡೆಯುವವರು ಬೇಗ ದಣಿಯುವುದರಿಂದ, ಸ್ವಲ್ಪ ಸ್ವಲ್ಪ ಹೊತ್ತಿಗೆ ಪಕ್ಕಕ್ಕೆ ಸರಿದು, ಸಾಲಿನ ಕೊನೆಗೆ ಸೇರಿಕೊಳ್ಳುತ್ತಾರೆ.

ಇನ್ನು ಕತ್ತರಿಸುವ ಕೆಲಸಕ್ಕೆ ಬರುತ್ತೇನೆ. ಮಡಚುವ ಕೈಗರಗಸ, ಉದ್ದ ಹಿಡಿಯ ಕೊಂಬೆಕತ್ತರಿ, ಇವೇ ಮುಖ್ಯ ಸಾಮಾನು. ಇಬ್ಬರು ಮುಂದೆ ಕತ್ತರಿಸುತ್ತಾ ಹೋದರೆ ಹಿಂದಿನ ಇಬ್ಬರು ಕಡಿದದ್ದನ್ನು ಎಳೆದು ಒಳಗೆ ಚೆಲ್ಲುತ್ತಾರೆ. ಕೊಂಬೆಯ ಕಡಿದ ತುದಿ ಹಾದಿಯತ್ತ ಮುಖಮಾಡಿರಬಾರದು, ರಾಶಿ ಹಾಕಬಾರದು, ನಡೆಯುವವರ ಕಣ್ಣಿಗೂ ಬೀಳಬಾರದು. ಕೊಂಬೆಯನ್ನು ಮುಟ್ಟುವ ಮೊದಲು ಕೋಲಿನಿಂದ ಬಡಿದು ಹಿಮ ಉದುರಿಸಬೇಕು. ಎಷ್ಟೋ ಸಲ ಹಿಮ ಉದುರಿದ ಕೂಡಲೆ ಕೊಂಬೆ ತಾನೇ ಮೇಲಕ್ಕೆದ್ದು ಹಾದಿ ಬಿಡುತ್ತದೆ, ಗರಗಸದ ಅಗತ್ಯವೇ ಬೀಳುವುದಿಲ್ಲ. ಕಡಿಯಲೇಬೇಕಾದರೆ ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿಕೊಂಡಿರುವ ಕತ್ತಿನ ಹೊರಗಡೆ ಕಡಿಯುತ್ತೇವೆ. ಆ ಉಬ್ಬಿಗೆ ಪೆಟ್ಟಾಗದಿದ್ದರೆ ಗಾಯ ತಾನಾಗಿ ಮುಚ್ಚಿಕೊಳ್ಳುತ್ತದೆ. ಗೇಣುದ್ದ ಬಿಟ್ಟು ಕಡಿದರೆ ಅದು ಒಣಗಿ ಮೊಳೆಯಾಗಿ, ಚೀಲವನ್ನೋ ಕಣ್ಣನ್ನೋ ಚುಚ್ಚುತ್ತದೆ.

ಹಾದಿಯ ನಡುವೆಯೇ ತಲೆಯೆತ್ತಿದ ಎಳೆಯ ಫರ್ ಗಿಡಗಳದು ಎಲ್ಲಕ್ಕಿಂತ ಸೂಕ್ಷ್ಮ ವಿಚಾರ. ಹಿಮದಿಂದ ಎರಡಡಿ ಮೇಲೆ ಅವುಗಳ ತಲೆ ಕಾಣುತ್ತದೆ. ಹಿಮಕ್ಕೆ ಸಮನಾಗಿ ಕತ್ತರಿಸಿಬಿಟ್ಟರೆ ಆ ಕ್ಷಣಕ್ಕೆ ಹಾದಿ ಚೊಕ್ಕಟವಾಗುತ್ತದೆ. ಆದರೆ ಹಿಮ ಕರಗಿದ ಮೇಲೆ ಅಲ್ಲಿ ಎದೆಯೆತ್ತರದ ಈಟಿ ನಿಂತಿರುತ್ತದೆ. ಜಾರಿ ಬಿದ್ದವರ ಗತಿ ಏನು? ಹಾಗಾಗಿ ಒಂದೋ ಹಿಮ ಅಗೆದು ನೆಲಮಟ್ಟಕ್ಕೆ ಕಡಿಯಬೇಕು, ಇಲ್ಲವೆ ಜಾಗ ಬರೆದುಕೊಂಡು ಬೇಸಿಗೆಯ ತಂಡಕ್ಕೆ ಬಿಡಬೇಕು. ಸಾಗರದಲ್ಲಿರುವ ನನ್ನ ಸೋದರತ್ತೆಗೆ ಫೋನಿನಲ್ಲಿ ಈ ಕೆಲಸದ ವಿಚಾರ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, “ಅಲ್ಲ ತಮ್ಮಾ, ಕಡಿದ ಬುಡ ಎಷ್ಟು ಎತ್ತರ ಬಿಡ್ತೀರಿ?” ಎಂದು. ಅಡಿಕೆ ತೋಟಕ್ಕಾಗಿ ಸೊಪ್ಪಿನ ಬೆಟ್ಟದಲ್ಲಿ ಬದುಕಿಡೀ ಸೊಪ್ಪು ಸವರಿಸಿದವರು ಅವರು. ಹಿಮವನ್ನು ಒಮ್ಮೆಯೂ ನೋಡದ ಅತ್ತೆ ಕೆಲಸದ ಮರ್ಮಕ್ಕೇ ಕೈ ಹಾಕಿದ್ದರು. ಮರ ಹೇಗೆ ಉಳಿಯಬೇಕು, ಕಡಿದ ಜಾಗ ನಾಳೆ ಏನಾಗುತ್ತದೆ ಎಂದು ಯೋಚಿಸದವರ ಕೈಗೆ ಕತ್ತಿ ಕೊಡಬಾರದು ಎಂಬುದು ಅವರ ಮಾತು. ಇದನ್ನು ನಮ್ಮ ತಂಡದ ಹಿರಿಯರಿಗೆ ಅನುವಾದಿಸಿ ಹೇಳಿದೆ. ಅವರು ಆ ಮಾತನ್ನು ಈಗ ಹೊಸಬರಿಗೆಲ್ಲ ಹೇಳಿಕೊಡುತ್ತಾರೆ.

ಬಾಗಿದ ಬರ್ಚ್ ಮರದ ಮುಂದೆ ಇನ್ನೂ ಎಚ್ಚರ ಬೇಕು. ಮಂಜುಗಡ್ಡೆಯ ಭಾರಕ್ಕೆ ಬಿಲ್ಲಿನಂತೆ ಬಗ್ಗಿ, ಅದರ ತುದಿ ಹಿಮದಲ್ಲಿ ಹೂತು ಹೆಪ್ಪುಗಟ್ಟಿರುತ್ತದೆ. ಇಡೀ ಕಾಂಡದಲ್ಲಿ ಬಲ ತುಂಬಿಕೊಂಡಿರುತ್ತದೆ. ತಿಳಿಯದೆ ಗರಗಸ ಇಟ್ಟರೆ ಅದು ಸಿಡಿದು ದವಡೆಗೆ ಬಡಿಯುತ್ತದೆ. ಮೊದಲು ತುದಿಯನ್ನು ಹಿಮದಿಂದ ಬಿಡಿಸಿ, ದೂರ ನಿಂತು ಅಲುಗಿಸಿ ನೋಡುತ್ತೇವೆ. ಎಳೆಯ ಮರವಾದರೆ ನಿಧಾನವಾಗಿ ಎದ್ದು ನಿಲ್ಲುತ್ತದೆ. 1998ರ ಜನವರಿಯಲ್ಲಿ ಐದಾರು ದಿನ ಸುರಿದ ಹೆಪ್ಪುಗಟ್ಟುವ ಮಳೆ ಉತ್ತರ ನ್ಯೂಯಾರ್ಕ್, ನ್ಯೂ ಇಂಗ್ಲೆಂಡ್, ಕ್ವಿಬೆಕ್ ಪ್ರಾಂತ್ಯಗಳ ಕಾಡನ್ನು ಮುರಿದು ಹಾಕಿತು. ಆಗ ಬಗ್ಗಿದ ಬರ್ಚ್‌ಗಳಲ್ಲಿ ಎಷ್ಟೋ ಮತ್ತೆ ನೇರವಾಗಲೇ ಇಲ್ಲ.

ಕಡಿಮೆ ಕಡಿಯುವುದು ಇಲ್ಲಿ ನಮ್ಮ ಒಳ್ಳೆಯತನ ಮಾತ್ರವಲ್ಲ, ರಾಜ್ಯದ ಸಂವಿಧಾನವೂ ಅದನ್ನೇ ಕೇಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮರದ ವ್ಯಾಪಾರಿಗಳು ಈ ಬೆಟ್ಟಗಳನ್ನು ಬೋಳಿಸುತ್ತಿದ್ದಾಗ, ಹಡ್ಸನ್ ನದಿಯ ನೀರೂ ಎರಿ ಕಾಲುವೆಯ ನೀರೂ ಬತ್ತೀತೆಂಬ ಭಯ ಹುಟ್ಟಿತು. 1894ರಲ್ಲಿ ರಾಜ್ಯದ ಜನ ಸಂವಿಧಾನಕ್ಕೇ ಒಂದು ವಿಧಿ ಸೇರಿಸಿದರು: ಸರ್ಕಾರಿ ಕಾಡು ಎಂದೆಂದಿಗೂ ಕಾಡಾಗಿಯೇ ಉಳಿಯಬೇಕು, ಅದರ ಮರವನ್ನು ಮಾರಬಾರದು, ಸಾಗಿಸಬಾರದು, ನಾಶಮಾಡಬಾರದು. ಇದು ಬರಿಯ ಕಾಗದದ ಮಾತಾಗಲಿಲ್ಲ. 1950ರ ನವೆಂಬರ್‌ನ ಬಿರುಗಾಳಿಗೆ ಲಕ್ಷಾಂತರ ಎಕರೆಯಲ್ಲಿ ಮರಗಳು ಉರುಳಿದಾಗ, ಬಿದ್ದ ಮರವನ್ನು ತೆಗೆಯಬಹುದೇ ಎಂದು ಸರ್ಕಾರ ತನ್ನ ಅಟಾರ್ನಿ ಜನರಲ್ ಅವರ ಅಭಿಪ್ರಾಯ ಕೇಳಬೇಕಾಯಿತು. ಆಗ ಒಪ್ಪಿಗೆ ಸಿಕ್ಕಿತು. 1995ರ ಜುಲೈನಲ್ಲಿ ಮತ್ತೆ ಅಂಥದೇ ಗಾಳಿ ಬೀಸಿದಾಗ, ಕಾಡೊಳಗೆ ಬಿದ್ದದ್ದು ಅಲ್ಲೇ ಮಣ್ಣಾಗಲಿ ಎಂದು ಬಿಟ್ಟರು. 2021ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ, ಹಿಮದ ಮೇಲೆ ಓಡುವ ಮೋಟಾರು ವಾಹನಗಳ ದಾರಿಗೆಂದು ಸಾವಿರಾರು ಮರ ಕಡಿಯುವುದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಮೂರು ಅಂಗುಲ ದಪ್ಪದ ಮರವಾದರೂ ಈ ಕಾಡನ್ನು ನೋಡಿಕೊಳ್ಳುವ ರಾಜ್ಯದ ಇಲಾಖೆಯ ಲೆಕ್ಕಕ್ಕೆ ಬರುತ್ತದೆ. ಕಾಡೊಳಗಿನ ಮರಕ್ಕೆ ಇಷ್ಟು ಗೌರವ ಕೊಟ್ಟ ಕಾನೂನನ್ನು ನಾನು ಬೇರೆಲ್ಲೂ ಹತ್ತಿರದಿಂದ ಕಂಡಿಲ್ಲ. ಸ್ವಯಂಸೇವಕರೂ ಇಲಾಖೆಯ ಜೊತೆ ಲಿಖಿತ ಒಪ್ಪಂದ ಮಾಡಿಕೊಂಡೇ ಕಾಡಿಗೆ ಇಳಿಯುತ್ತಾರೆ. ಎಷ್ಟು ಅಗಲ, ಯಾವ ಹಾದಿ, ಯಾವ ಸಾಮಾನು ಎಂಬುದೆಲ್ಲ ಅದರಲ್ಲಿ ಇರುತ್ತದೆ.

ಹಾದಿಯ ಗುರುತುಗಳನ್ನು ನೋಡಿಕೊಳ್ಳುವುದು ಇನ್ನೊಂದು ಕೆಲಸ. ಮರಗಳಿಗೆ ಕೆಂಪು, ನೀಲಿ, ಹಳದಿ ಬಣ್ಣದ ಪುಟ್ಟ ಬಿಲ್ಲೆಗಳನ್ನು ಇಲಾಖೆ ಹೊಡೆದಿದೆ. ಬೇಸಿಗೆಯಲ್ಲಿ ಕಣ್ಣೆತ್ತರದಲ್ಲಿದ್ದ ಬಿಲ್ಲೆ ಫೆಬ್ರವರಿಯಲ್ಲಿ ಪಾದದ ಪಕ್ಕಕ್ಕೋ ಹಿಮದೊಳಕ್ಕೋ ಇಳಿದಿರುತ್ತದೆ. ಗಾಳಿ ಬೀಸಿದ ಕಡೆ ಕಾಂಡಕ್ಕೆ ಹಿಮ ಅಂಟಿ ಉಳಿದವೂ ಮರೆಯಾಗುತ್ತವೆ. ಪೊದೆಗಳೆಲ್ಲ ಹೂತಿರುವುದರಿಂದ ಮರಗಳ ನಡುವಿನ ಪ್ರತಿಯೊಂದು ಸಂದೂ ಹಾದಿಯಂತೆ ಕಾಣುತ್ತದೆ. ತಿರುವಿನಲ್ಲಿ ಒಂದು ಕೊಂಬೆ ಬಾಗಿ ಅಡ್ಡ ನಿಂತರೆ ಸಾಕು, ನಡೆಯುವವರು ನೇರಕ್ಕೆ ಹೋಗಿಬಿಡುತ್ತಾರೆ. ಒಬ್ಬರು ತಪ್ಪಿದರೆ ಅವರ ಹೆಜ್ಜೆ ನೋಡಿಕೊಂಡು ಹತ್ತು ಜನ ತಪ್ಪುತ್ತಾರೆ. ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ ನಾಲ್ಕೂವರೆಯೊಳಗೆ ಹೊತ್ತು ಮುಳುಗುತ್ತದೆ, ರಾತ್ರಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಳಿಯುವುದು ಸಾಮಾನ್ಯ. ದಾರಿ ತಪ್ಪಿದವರಿಗೆ ಅಲ್ಲಿ ಹೆಚ್ಚು ಸಮಯ ಸಿಗುವುದಿಲ್ಲ. ನಾವು ತಿರುವುಗಳಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಇದಕ್ಕಾಗಿ. ಬಿಲ್ಲೆಯಿಂದ ಬಿಲ್ಲೆಗೆ ಕಣ್ಣು ಹರಿಯುವಂತೆ ಕೊಂಬೆಗಳನ್ನು ಸರಿಸುತ್ತೇವೆ, ಹಿಮ ಒರೆಸುತ್ತೇವೆ. ಕಾಣೆಯಾದ ಬಿಲ್ಲೆಯ ಜಾಗ ಬರೆದುಕೊಳ್ಳುತ್ತೇವೆ.

ಈ ಕೆಲಸದ ಅಪಾಯವನ್ನು ಮುಚ್ಚಿಡುವುದಿಲ್ಲ. ಮೊದಲ ಶತ್ರು ಚಳಿಯಲ್ಲ, ಬೆವರು. ಗರಗಸ ಎಳೆಯುವಾಗ ಮೈ ಬಿಸಿಯಾಗಿ ಒಳಬಟ್ಟೆ ಒದ್ದೆಯಾದರೆ, ನಿಂತ ಐದು ನಿಮಿಷಕ್ಕೆ ಅದು ಮೈಯ ಶಾಖವನ್ನೆಲ್ಲ ಹೀರುತ್ತದೆ. ಹತ್ತಿಬಟ್ಟೆಗೆ ಅಲ್ಲಿ ಜಾಗವಿಲ್ಲ. ಉಣ್ಣೆ ತೊಟ್ಟು, ಕೆಲಸ ಶುರುವಾಗುವ ಮೊದಲೇ ಒಂದು ಪದರ ಕಳಚಿ, ನಿಂತೊಡನೆ ಹಾಕಿಕೊಳ್ಳಬೇಕು. ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡುತ್ತೇವೆ, ನೀರು ಮೇಲ್ಭಾಗದಿಂದ ಹೆಪ್ಪುಗಟ್ಟುವುದರಿಂದ ಮುಚ್ಚಳದ ಕಡೆ ತೆರೆದಿರುತ್ತದೆ. ಎರಡನೆಯ ಅಪಾಯ, ಹಿಮದಡಿ ಪೂರ್ತಿ ಮುಚ್ಚಿಹೋದ ಫರ್ ಗಿಡ. ಅದರ ಕೊಂಬೆಗಳ ಕೆಳಗೆ ಹಿಮ ತುಂಬದೆ ಟೊಳ್ಳು ಇರುತ್ತದೆ. ಮೇಲೆ ಕಾಲಿಟ್ಟವನು ಎದೆಯವರೆಗೆ ಇಳಿದುಬಿಡುತ್ತಾನೆ, ಸ್ನೋಶೂ ಕೊಂಬೆಗಳಡಿ ಸಿಕ್ಕಿಕೊಂಡು ಎಳೆದರೂ ಬರುವುದಿಲ್ಲ. ಜೊತೆಗಾರರು ಅಗೆದು, ಪಟ್ಟಿ ಬಿಚ್ಚಿ ಎತ್ತಬೇಕು. ಒಬ್ಬರೇ ಹೋಗಬಾರದು ಎಂಬ ನಿಯಮವನ್ನು ಯಾರೂ ಮುರಿಯದಿರುವುದು ಇದರಿಂದಲೇ.

ಸಂಬಳವಿಲ್ಲದೆ ಇಷ್ಟೆಲ್ಲ ಮಾಡುವವರು ಯಾರು? ನಮ್ಮ ತಂಡದಲ್ಲಿ ನಿವೃತ್ತ ಉಪಾಧ್ಯಾಯರಿದ್ದಾರೆ, ದಾದಿಯರಿದ್ದಾರೆ, ಬಡಗಿಗಳಿದ್ದಾರೆ, ಕಾಲೇಜಿನ ಮಕ್ಕಳಿದ್ದಾರೆ. ಅವರ ಹಿಂದೆ ಒಂದು ದೀರ್ಘ ಪರಂಪರೆಯೂ ಇದೆ. ಅಲ್ಲಿನ ಅಡಿರಾಂಡಾಕ್ ಟ್ರೇಲ್ ಇಂಪ್ರೂವ್‌ಮೆಂಟ್ ಸೊಸೈಟಿ 1897ರದು. ಅಡಿರಾಂಡಾಕ್ ಮೌಂಟನ್ ಕ್ಲಬ್ 1922ರಲ್ಲಿ ಹುಟ್ಟಿತು. ಹಿಂದಿನ ಅಳತೆಯ ಪ್ರಕಾರ ನಾಲ್ಕು ಸಾವಿರ ಅಡಿ ಮೀರಿದ 46 ಶಿಖರಗಳನ್ನು ಮೊದಲು ಹತ್ತಿ ಮುಗಿಸಿದವರು ಬಾಬ್ ಮಾರ್ಷಲ್, ಅವರ ತಮ್ಮ ಜಾರ್ಜ್ ಮತ್ತು ಮಾರ್ಗದರ್ಶಿ ಹರ್ಬರ್ಟ್ ಕ್ಲಾರ್ಕ್. 1918ರಲ್ಲಿ ಶುರುಮಾಡಿ 1925ರಲ್ಲಿ ಮುಗಿಸಿದರು. ಅವರ ಹಾದಿಯಲ್ಲಿ ಹೋದವರು ಫಾರ್ಟಿ ಸಿಕ್ಸರ್ಸ್ ಎಂಬ ಸಂಘ ಕಟ್ಟಿದರು.

ಈ ಸಂಘದಲ್ಲಿ ಗ್ರೇಸ್ ಹುಡೋವಾಲ್‌ಸ್ಕಿ ಎಂಬ ಮಹಿಳೆಯ ನೆನಪು ನನಗೆ ಬಹಳ ದೊಡ್ಡದು. 1937ರಲ್ಲಿ 46 ಶಿಖರಗಳನ್ನೂ ಮುಗಿಸಿದ ಮೊದಲ ಮಹಿಳೆ ಅವರು. ಅದಾದ ಮೇಲೆ ದಶಕಗಳ ಕಾಲ, ಬೆಟ್ಟ ಹತ್ತಿ ಪತ್ರ ಬರೆದವರಿಗೆಲ್ಲ ಉತ್ತರ ಬರೆಯುತ್ತಾ ಕೂತರು. ಯಾರು ಯಾವ ಶಿಖರದಲ್ಲಿ ಏನು ಕಂಡರು ಎಂದು ಕೇಳಿ ತಿಳಿದುಕೊಂಡರು. 2014ರಲ್ಲಿ ಒಂದು ಶಿಖರಕ್ಕೆ ಅವರ ಹೆಸರಿಟ್ಟರು. ಶಿಖರ ಎಣಿಸುವವರ ಸಂಘವೊಂದು ಕಾಲಕ್ರಮದಲ್ಲಿ ಹಾದಿ ದುರಸ್ತಿಯ ಸಂಘವೂ ಆದದ್ದು, ಹೀಗೆ ಹತ್ತುವವರನ್ನು ಬೆಟ್ಟದ ಜೊತೆ ಮಾತಿನಿಂದ ಕಟ್ಟಿಹಾಕಿದವರು ಇದ್ದುದರಿಂದ ಎಂದು ನಾನು ನಂಬುತ್ತೇನೆ. ತಾನು ಹತ್ತಿದ ಬೆಟ್ಟ ಕೆಡುತ್ತಿರುವುದು ಹತ್ತಿದವನಿಗೇ ಮೊದಲು ಕಾಣುವುದು.

ಆದರೆ ಒಂದು ಮಾತನ್ನು ಒತ್ತಿ ಹೇಳಬೇಕು. ಸ್ವಯಂಸೇವಕರು ಇದ್ದಾರೆಂದು ಸರ್ಕಾರ ಕೈಕಟ್ಟಿ ಕೂರಬಾರದು. 2011ರ ಆಗಸ್ಟ್‌ನಲ್ಲಿ ಐರೀನ್ ಚಂಡಮಾರುತದ ಪ್ರವಾಹ ಮಾರ್ಸಿ ಅಣೆಕಟ್ಟಿನ ಮೇಲಿನ ಕಾಲುಸೇತುವೆಯನ್ನು ಕೊಚ್ಚಿಕೊಂಡು ಹೋಯಿತು. ಹೊಸ ಸೇತುವೆ, ಕಲ್ಲಿನ ಮೆಟ್ಟಿಲು, ಹಾದಿಯನ್ನೇ ಬೇರೆ ಕಡೆಗೆ ತಿರುಗಿಸುವುದು, ಇವೆಲ್ಲ ತರಬೇತಿ ಪಡೆದ, ಸಂಬಳ ಪಡೆಯುವ ಕೈಗಳ ಕೆಲಸ. ನಾವು ಮಾಡುವುದು ವರ್ಷವರ್ಷವೂ ಬೆಳೆಯುವ ಕೊಂಬೆಯ, ವರ್ಷವರ್ಷವೂ ಬೀಳುವ ಮರದ ಕೆಲಸ. ಅದನ್ನು ಬಿಟ್ಟರೆ ಜನ ಸುತ್ತುಹಾಕಿ ನಡೆದು ಒಂದರ ಪಕ್ಕ ಇನ್ನೊಂದು ಹಾದಿ ಹುಟ್ಟುತ್ತದೆ, ಕಾಡಿನ ನೆಲ ಅಷ್ಟಷ್ಟೇ ಕಳೆದುಹೋಗುತ್ತದೆ. ಚಿಕ್ಕ ಕೆಲಸವೆಂದು ಬಿಡುವಂಥದಲ್ಲ ಅದು.

ಮಾರ್ಚ್ ಕೊನೆಗೆ ಕಾಡಿನ ಹಿಮವೆಲ್ಲ ಇಳಿಯತೊಡಗುತ್ತದೆ. ಚಳಿಗಾಲವಿಡೀ ತುಳಿಸಿಕೊಂಡ ಪಟ್ಟೆ ಮಾತ್ರ ಗಟ್ಟಿಯಾಗಿರುವುದರಿಂದ ಬೇಗ ಕರಗದೆ, ಎರಡೂ ಬದಿ ಕುಸಿದು, ನಡುವೆ ಬದುವಿನಂತೆ ಎದ್ದು ನಿಲ್ಲುತ್ತದೆ. ಆಮೇಲೆ ಕೆಸರಿನ ತಿಂಗಳು. ಎತ್ತರದ ಹಾದಿಗಳಿಗೆ ಬರಬೇಡಿ, ನೆನೆದ ಮಣ್ಣು ಕೊಚ್ಚಿಹೋಗುತ್ತದೆ ಎಂದು ಇಲಾಖೆ ಎಲ್ಲರನ್ನೂ ಕೇಳಿಕೊಳ್ಳುತ್ತದೆ, ನಾವೂ ದೂರ ಇರುತ್ತೇವೆ. ಅಷ್ಟರಲ್ಲಿ ನಮ್ಮ ಪಟ್ಟಿ ಬೇಸಿಗೆಯ ತಂಡಕ್ಕೆ ತಲುಪಿರಬೇಕು: ಎಲ್ಲಿ ದೊಡ್ಡ ಮರ ಬಿದ್ದಿದೆ, ಎಷ್ಟು ದಪ್ಪ, ಯಾವ ಬಿಲ್ಲೆ ಕಾಣೆಯಾಗಿದೆ, ಯಾವ ಎಳೆಯ ಗಿಡವನ್ನು ಬುಡಮಟ್ಟಕ್ಕೆ ಕಡಿಯಲು ಬಿಟ್ಟಿದ್ದೇವೆ ಎಂದು.

ನನ್ನ ಮಾತು ಆಲ್ಬನಿಯಲ್ಲೋ ಬಾಸ್ಟನ್ನಲ್ಲೋ ಮಾಂಟ್ರಿಯಲ್‌ನಲ್ಲೋ ಇರುವ ನಿಮ್ಮ ಮಗನಿಗೆ, ಮಗಳಿಗೆ, ತಮ್ಮನಿಗೆ ತಲುಪುವುದಾದರೆ ದಯವಿಟ್ಟು ತಲುಪಿಸಿ. ಚಳಿಗಾಲದ ನಾಲ್ಕು ತಿಂಗಳು ಮನೆಯೊಳಗೆ ಕೂತು ಊರಿನ ಬಿಸಿಲನ್ನು ನೆನೆಯುವವರು ನಮ್ಮವರಲ್ಲಿ ಬಹಳ. ಆ ಭಾಗದ ಬೆಟ್ಟದ ಸಂಘಗಳು ಹೊಸಬರಿಗೆ ಕಲಿಸುತ್ತವೆ. ಗರಗಸವನ್ನೂ ಬಹಳ ಸಲ ಅವರೇ ಕೊಡುತ್ತಾರೆ. ಸ್ನೋಶೂ ಬಾಡಿಗೆಗೆ ಸಿಗುತ್ತದೆ. ಹೊಸಬರಿಗೆ ಮೊದಲ ದಿನ ಕೊಡುವುದು ಕಡಿದ ಕೊಂಬೆಯನ್ನು ಎಳೆದು ಚೆಲ್ಲುವ ಕೆಲಸ. ಗರಗಸ ಕೈಗೆ ಬರುವುದು ಯಾವುದನ್ನು ಕಡಿಯಬಾರದು ಎಂದು ನೋಡಿ ಕಲಿತ ಮೇಲೆ.